ಐವತ್ತು ಪ್ರತಿಗಳಾಚೆ ಕಲಾವಿದನ ಹಕ್ಕು

ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವೊಂದನ್ನು ಸ್ಥಾಪಿಸಿ, ಅರಮನೆಗಳಿಗೆ ಮೀಸಲಾಗಿದ್ದ ತಮ್ಮ ಚಿತ್ರಗಳನ್ನು ಸಾಮಾನ್ಯರ ಮನೆಯ ಗೋಡೆಗೂ ತಲಪಿಸಿದರೆಂಬುದು ಬಹುಜನರು ಬಲ್ಲ ಸಂಗತಿ. ಆದರೆ ಆ ಮುದ್ರಣಾಲಯವು ಸಾಲದ ಭಾರದಿಂದ ಕುಸಿದು ಕೆಲವೇ ವರ್ಷಗಳಲ್ಲಿ ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತೆಂಬುದೂ, ಯಂತ್ರಗಳೊಡನೆ ಅನೇಕ ಚಿತ್ರಗಳ ಪ್ರತಿ ತೆಗೆಯುವ ಹಕ್ಕೂ ಮಾರಾಟವಾಯಿತೆಂಬುದೂ ಅಷ್ಟಾಗಿ ನಮ್ಮ ಸ್ಮರಣೆಯಲ್ಲಿಲ್ಲ.

ಅಂದು ಕಲಾವಿದನನ್ನು ಕುಗ್ಗಿಸಿದ ಬಂಡವಾಳದ ಹೊರೆ ಇಂದು ಬಹುಮಟ್ಟಿಗೆ ಇಳಿದಿದೆ. ಮೈಸೂರಿನ ಕಾವಾ ಕಲಾಶಾಲೆಯಿಂದಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಿಂದಲೋ ಹೊರಬಂದ ತರುಣಿಯೊಬ್ಬಳು, ಯಂತ್ರವನ್ನು ಕೊಳ್ಳದೆ, ಸರಕನ್ನು ಕೂಡಿಡದೆ, ತನ್ನ ಚಿತ್ರದ ಡಿಜಿಟಲ್ ಪ್ರತಿಯನ್ನಷ್ಟೇ ಆನ್‌ಲೈನ್ ಅಂಗಡಿಯಲ್ಲಿ ಇರಿಸಬಲ್ಲಳು. ಗ್ರಾಹಕನು ಹಣ ತೆತ್ತ ಮೇಲೆ ತಿರುಪ್ಪೂರಿನಂತಹ ಊರಿನ ಮುದ್ರಕನು ಒಂದೇ ಒಂದು ಟೀ ಶರ್ಟನ್ನು ಅಚ್ಚು ಹಾಕಿ ನೇರವಾಗಿ ಅವನ ವಿಳಾಸಕ್ಕೆ ರವಾನಿಸುವನು. ‘ಪ್ರಿಂಟ್ ಆನ್ ಡಿಮ್ಯಾಂಡ್’ ಎಂಬ ಈ ಪದ್ಧತಿಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಜನವರಿಯ ಚಿತ್ರಸಂತೆಗಾಗಿ ವರ್ಷವಿಡೀ ಕಾಯುವ ಕಲಾವಿದರಿಗೆ ನಿತ್ಯವೂ ತೆರೆದಿರುವ ಬಾಗಿಲು ದೊರೆಯುವುದು ಸಣ್ಣ ಸಂಗತಿಯಲ್ಲ.

ಲಾಭದ ಲೆಕ್ಕ ಮಾತ್ರ ಕಠಿನವಾದುದು. ಒಂದೊಂದಾಗಿ ಅಚ್ಚಾಗುವ ಅಂಗಿಗೆ ಸಗಟು ದರ ದೊರೆಯದು. ಬಟ್ಟೆಯ ಬೆಲೆ, ಅಚ್ಚಿನ ಕೂಲಿ, ಸಾಗಣೆ, ಜಾಹೀರಾತು ಇವೆಲ್ಲ ಕಳೆದು ಉಳಿದದ್ದೇ ಕಲಾವಿದೆಯ ಪಾಲು. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರುಗಳು ಶಾಯಿಯಲ್ಲಿ ಮಂಕಾಗುವುದುಂಟಾದಕಾರಣ, ಮಾದರಿಯನ್ನು ತರಿಸಿ ಒಗೆದು ನೋಡದೆ ಮಾರಾಟಕ್ಕಿಳಿಯತಕ್ಕದ್ದಲ್ಲ. ತಮ್ಮ ಹೆಸರಿನಲ್ಲಿಯೇ ಬಿಲ್ಲು ಬರೆದು ಇಂತಹ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ವಹಿವಾಟು ಎಷ್ಟೇ ಅಲ್ಪವಿದ್ದರೂ, ಜಿಎಸ್‌ಟಿ ನೋಂದಣಿ ಪಡೆಯಬೇಕೆಂಬುದನ್ನೂ ಮೊದಲೇ ತಿಳಿದಿರಬೇಕು.

ಇವೆಲ್ಲ ವಿವೇಕದಿಂದ ದಾಟಬಹುದಾದ ತೊಡಕುಗಳು. ಕಾನೂನಿನೊಳಗಿನ ತೊಡಕು ಅಂಥದಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರವೊಂದು ರಚಿತವಾದೊಡನೆಯೇ, ನೋಂದಣಿಯ ಅಪೇಕ್ಷೆಯಿಲ್ಲದೆ, ಅದರ ಹಕ್ಕು ಸಾಮಾನ್ಯವಾಗಿ ರಚಿಸಿದವರದಾಗಿ, ಅವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಅದೇ ಅಧಿನಿಯಮದ 15ನೆಯ ಪ್ರಕರಣವಾದರೋ, ವಿನ್ಯಾಸವೆಂದು ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ರಚನೆಯನ್ನು ಹೊತ್ತ ವಸ್ತುವು ಹಕ್ಕುದಾರನಿಂದಾಗಲಿ ಅವನ ಅನುಮತಿಯಿಂದಾಗಲಿ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಾದೊಡನೆ, ಆ ವಿನ್ಯಾಸದ ಕೃತಿಸ್ವಾಮ್ಯವು ಅಂತ್ಯಗೊಳ್ಳುವುದೆಂದು ವಿಧಿಸುತ್ತದೆ. ಚೌಕಟ್ಟಿನೊಳಗೆ ನಿಲ್ಲುವ ಚಿತ್ರ ಯಾವುದು, ಅಂಗಿಯ ತುಂಬ ಹರಡಿದ ಬಳ್ಳಿ, ನವಿಲುಗಳ ವಿನ್ಯಾಸ ಯಾವುದು ಎಂಬ ಗೆರೆಯನ್ನು ಎಳೆಯುವುದು ಸುಲಭವಲ್ಲ; 2025ರ ಏಪ್ರಿಲ್‌ನಲ್ಲಿ ಕ್ರಯೋಗ್ಯಾಸ್ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿವೇಚನೆಗೆ ಒರೆಗಲ್ಲುಗಳನ್ನು ಒದಗಿಸಿದ್ದರೂ, ನಿರ್ಣಯವು ಆಯಾ ಕೃತಿಯ ಸ್ವರೂಪವನ್ನೇ ಅವಲಂಬಿಸಿದೆ. ಮುಂಚಿತವಾಗಿ ನೋಂದಾಯಿಸೋಣವೆಂದರೆ, 2000ದ ವಿನ್ಯಾಸ ಅಧಿನಿಯಮವು ಅದಾಗಲೇ ಪ್ರಕಟವಾದ ವಿನ್ಯಾಸವನ್ನು ಒಪ್ಪುವುದಿಲ್ಲ; ಇಂದಿನ ಕಲಾವಿದೆಯಾದರೋ ಬಣ್ಣ ಆರುವ ಮುನ್ನವೇ ಇನ್‌ಸ್ಟಾಗ್ರಾಮಿನಲ್ಲಿ ಅದನ್ನು ಪ್ರಕಟಿಸಿ, ಆ ಪ್ರಕಟಣೆಯ ಬಲದಿಂದಲೇ ಗ್ರಾಹಕರನ್ನು ಸಂಪಾದಿಸುವವಳು. ತತ್ಪರಿಣಾಮವಾಗಿ, ಯಾರೂ ಕೊಳ್ಳದ ರಚನೆಗೆ ರಕ್ಷಣೆ ಉಳಿದು, ಜನಪ್ರಿಯವಾದುದಕ್ಕೆ ಅದು ತಪ್ಪಿಹೋಗುವ ಅಪಾಯವಿದೆ.

ಗಿರಣಿಯಿಂದ ಸಾವಿರಗಟ್ಟಲೆ ಗಜ ಬಟ್ಟೆ ಹೊರಬೀಳುವ ಉದ್ಯಮಕ್ಕೆ ಈ ಐವತ್ತರ ಮಿತಿ ತಕ್ಕುದಾಗಿದ್ದೀತು. ಪ್ರತಿಯೊಂದು ವಸ್ತುವೂ ಒಬ್ಬೊಬ್ಬ ಗ್ರಾಹಕನಿಗಾಗಿ ಪ್ರತ್ಯೇಕವಾಗಿ ಅಚ್ಚಾಗುವ ಕಸುಬಿಗೆ ಅದನ್ನು ಅನ್ವಯಿಸುವುದು ನ್ಯಾಯವಲ್ಲ. ಕಲಾವಿದನು ಸ್ವತಃ ರಚಿಸಿ ಬೇಡಿಕೆಗನುಸಾರವಾಗಿ ಮುದ್ರಿಸಿ ಮಾರುವ ಕೃತಿಗಳನ್ನು ಈ ಮಿತಿಯಿಂದ ಹೊರಗಿಡುವ ತಿದ್ದುಪಡಿಯನ್ನು ಸಂಸತ್ತು ತರಬೇಕು. ಅಷ್ಟರವರೆಗೆ ಕರ್ನಾಟಕ ಲಲಿತಕಲಾ ಅಕಾಡೆಮಿಯು ಕಲಾವಿದರಿಗೂ ಮುದ್ರಕರಿಗೂ ನಡುವಣ ಒಪ್ಪಂದಪತ್ರದ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಯಾವ ವಸ್ತುಗಳ ಮೇಲೆ, ಎಷ್ಟು ಕಾಲ, ಯಾವ ಪ್ರದೇಶದಲ್ಲಿ ಚಿತ್ರವನ್ನು ಬಳಸಬಹುದೆಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿಸಲಿ. ಏಕೆಂದರೆ ಹಕ್ಕನ್ನು ವಹಿಸಿಕೊಡುವ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಕಾನೂನು ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಾಗದಿದ್ದರೆ ಇಡೀ ಭಾರತವೆಂದೂ ಗ್ರಹಿಸುತ್ತದೆ.