ಸಂಕವ್ವೆಯ ಒತ್ತೆ ಮತ್ತು ಜಾಲ್ಸೂರಿನ ಗಡಿ



12ನೆಯ ಶತಮಾನದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆಯ ಹೆಸರಿನಲ್ಲಿ ದೊರೆತಿರುವುದು ಒಂದೇ ಒಂದು ವಚನ. ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಎನ್ನುವಾಗ ವೃತ್ತಿಸೂಚಕವಾದ ಪೂರ್ವಪದವನ್ನು ಹೆಮ್ಮೆಯಿಂದಲೇ ಉಚ್ಚರಿಸುವ ನಾಲಿಗೆ ಈ ಶರಣೆಯ ಹೆಸರಿಗೆ ಬಂದಾಗ ತಡವರಿಸುತ್ತದೆ. ಆದರೆ ಪದರಚನೆಯ ದೃಷ್ಟಿಯಿಂದ ಆ ಹೆಸರುಗಳಿಗೂ ಈ ಹೆಸರಿಗೂ ಯಾವ ಭೇದವೂ ಇಲ್ಲ. ಕಲ್ಯಾಣದ ಪರಂಪರೆ ಆಕೆಯ ವೃತ್ತಿಯನ್ನು ಮರೆಮಾಚದೆ ಆಕೆಯನ್ನು ನೆನಪಿನಲ್ಲಿ ಉಳಿಸಿಕೊಂಡಿತು.

ಒಬ್ಬನ ಒತ್ತೆಯನ್ನು, ಎಂದರೆ ಸಂಗಕ್ಕಾಗಿ ತೆರುವ ಹಣವನ್ನು, ಹಿಡಿದ ಬಳಿಕ ಇನ್ನೊಬ್ಬನದನ್ನು ಮುಟ್ಟಲಾಗದೆಂಬ ತನ್ನ ವೃತ್ತಿಯ ಕಟ್ಟಳೆಯನ್ನೇ ಆಕೆ ಇಷ್ಟದೈವದ ಮೇಲಣ ನಿಷ್ಠೆಗೆ ಹೋಲಿಕೆಯಾಗಿ ತರುತ್ತಾಳೆ. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಈ ಏಕನಿಷ್ಠೆಯ ಅರ್ಥವನ್ನು ಬಿಡಿಸಿ ಅಲ್ಲಿಗೆ ನಿಲ್ಲುತ್ತಾರೆ. ಆದರೆ ಆ ವಚನದಲ್ಲಿ ನಿಷ್ಠೆಯಷ್ಟೇ ದೊಡ್ಡದಾಗಿ ಇನ್ನೊಂದು ಸಂಗತಿಯಿದೆ, ಅದು ಶಿಕ್ಷೆ. ಕಟ್ಟಳೆ ತಪ್ಪಿದರೆ ಬತ್ತಲೆಯ ಅವಮಾನ, ಅಂಗಚ್ಛೇದ, ಪ್ರಾಣಭಯ. ಇವೆಲ್ಲ ಆಕೆಯ ಮೈಮೇಲೆ ಬೀಳುವಂಥವು. ಶಿಕ್ಷಿಸುವವರು ಯಾರು? ಆ ಕ್ರಿಯಾಪದಗಳಿಗೆ ಬಹುವಚನದ ಪ್ರತ್ಯಯವಿದೆಯೇ ಹೊರತು ಕರ್ತೃಪದವಿಲ್ಲ. ‘ಅವರು’ ಎಂದಷ್ಟೇ ತಿಳಿಯುತ್ತದೆ. ಒತ್ತೆ ಕೊಟ್ಟವನಿಗೆ ಏನಾದೀತೆಂಬ ಮಾತು ವಚನದಲ್ಲಿ ಎಲ್ಲಿಯೂ ಬಾರದು, ಏಕೆಂದರೆ ಅಂದಿನ ಲೋಕದಲ್ಲಿ ಅವನಿಗೆ ಏನೂ ಆಗುತ್ತಿರಲಿಲ್ಲ.

ಇದನ್ನು ಹಳೆಯ ಕಾಲದ ಕ್ರೌರ್ಯವೆಂದು ಬದಿಗಿಡುವ ಮೊದಲು ಇಂದು ಜಾರಿಯಲ್ಲಿರುವ ಕಾಯ್ದೆಯನ್ನು ಒಮ್ಮೆ ತೆರೆದು ನೋಡುವುದು ಉಚಿತ.

1950ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಅನುಸಾರವಾಗಿ ಭಾರತದ ಸಂಸತ್ತು 1956ರಲ್ಲಿ ಅನೈತಿಕ ಸಾಗಾಣಿಕೆಯ ವಿರುದ್ಧ ಕಾಯ್ದೆಯನ್ನು ಅಂಗೀಕರಿಸಿತು. ದಕ್ಷಿಣ ಕನ್ನಡ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಮದರಾಸಿನ ಆಳ್ವಿಕೆಯಲ್ಲಿದ್ದ ಕಾರಣ ಈ ಜಿಲ್ಲೆಗೆ 1947ರ ಮದರಾಸು ದೇವದಾಸಿ ನಿಷೇಧ ಕಾಯ್ದೆಯೂ ಅನ್ವಯಿಸಿತ್ತು. ಉಳಿದ ಕರ್ನಾಟಕಕ್ಕೆ ಅಂಥದೊಂದು ಸಮಗ್ರ ಕಾಯ್ದೆ 1982ರವರೆಗೆ ಬರಲಿಲ್ಲ. 1956ರ ಕಾಯ್ದೆಯನ್ನು 1986ರಲ್ಲಿ ತಿದ್ದಿ ‘ಅನೈತಿಕ ವ್ಯವಹಾರ (ತಡೆ) ಕಾಯ್ದೆ’ ಎಂದು ಕರೆಯಲಾಯಿತು. ಜನಸಾಮಾನ್ಯರ ನಂಬಿಕೆಗೆ ವಿರುದ್ಧವಾಗಿ, ವೇಶ್ಯಾವೃತ್ತಿಯೇ ಅಪರಾಧವೆಂದು ಈ ಕಾಯ್ದೆ ಹೇಳುವುದಿಲ್ಲ. ವೇಶ್ಯಾಗೃಹ ನಡೆಸುವುದು, ಹೆಣ್ಣನ್ನು ಈ ವೃತ್ತಿಗೆ ತರುವುದು, ಆಕೆಯ ಗಳಿಕೆಯಲ್ಲಿ ಬದುಕುವುದು ಅಪರಾಧ. ಸಾರ್ವಜನಿಕ ಸ್ಥಳದಲ್ಲಿ ಕರೆಯುವುದೂ ಅಪರಾಧ. ವೇಶ್ಯಾವೃತ್ತಿಯೆಂದರೆ ವ್ಯಾಪಾರದ ಉದ್ದೇಶಕ್ಕಾಗಿ ವ್ಯಕ್ತಿಯನ್ನು ಲೈಂಗಿಕವಾಗಿ ಶೋಷಿಸುವುದು ಎಂಬ ಅರ್ಥವನ್ನು ಕಾಯ್ದೆಯೇ ಕೊಡುತ್ತದೆ. ಹಾಗಾದರೆ ಆಕೆ ಶೋಷಿತೆ. ಆದರೆ ಆರು ಕಲಮುಗಳನ್ನು ದಾಟಿ 8ನೆಯದಕ್ಕೆ ಬರುವಷ್ಟರಲ್ಲಿ ಆ ಶೋಷಿತೆಯೇ ಆರೋಪಿಯಾಗಿರುತ್ತಾಳೆ.

ಆ 8ನೆಯ ಕಲಮು ವಿಶೇಷವಾಗಿ ಗಮನಾರ್ಹವಾದುದು. ಸಾರ್ವಜನಿಕ ಸ್ಥಳದಲ್ಲಿ ಸನ್ನೆ, ಮಾತು ಇತ್ಯಾದಿಗಳಿಂದ ಕರೆಯುವ ಹೆಣ್ಣಿಗೆ ಮೊದಲ ಸಲ ಆರು ತಿಂಗಳವರೆಗೆ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸ. ಅದೇ ಅಪರಾಧವನ್ನು ಗಂಡಸು ಮಾಡಿದರೆ ಏಳು ದಿನಕ್ಕೆ ಕಡಿಮೆಯಿಲ್ಲದೆ ಮೂರು ತಿಂಗಳವರೆಗೆ. ಒಂದೇ ಕಲಮು, ಒಂದೇ ಕೃತ್ಯ, ಗರಿಷ್ಠ ಶಿಕ್ಷೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ! ಇಷ್ಟಕ್ಕೇ ಮುಗಿಯದು. 7 ಮತ್ತು 8ನೆಯ ಕಲಮುಗಳಡಿ ತಪ್ಪಿತಸ್ಥಳಾದ ಹೆಣ್ಣನ್ನು ಸೆರೆಮನೆಗೆ ಬದಲಾಗಿ ಎರಡರಿಂದ ಐದು ವರ್ಷಗಳವರೆಗೆ ಸುಧಾರಣಾ ಸಂಸ್ಥೆಯಲ್ಲಿ ಇರಿಸಬಹುದೆಂದು 10ಎ ಕಲಮು ಹೇಳುತ್ತದೆ. ಗಂಡಸಿಗೆ ಇಂಥ ‘ಸುಧಾರಣೆ’ಯ ಏರ್ಪಾಡಿಲ್ಲ. ಅವನು ಸುಧಾರಿಸಬೇಕಾದವನಲ್ಲವೆಂದು ಕಾಯ್ದೆಯ ಭಾವನೆಯೋ ಏನೋ!

ಈ ಮಾತುಗಳನ್ನು ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ನೆಲದಲ್ಲಿಟ್ಟು ನೋಡಿದಾಗ ಅವುಗಳ ತೂಕ ತಿಳಿಯುತ್ತದೆ. ಅಲ್ಲಿ ಶರಣಪಂಥದ ಮನೆಗಳು ವಿರಳವಾದರೂ ನಾಡು ಅಪರಿಚಿತವಲ್ಲ. 1834ರವರೆಗೆ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗಗಳು ಲಿಂಗವಂತರಾದ ಹಾಲೇರಿ ಅರಸರ ಕೊಡಗಿಗೆ ಸೇರಿದ್ದವು. ಇಂದು ಅದು ಅಡಿಕೆ, ರಬ್ಬರು, ಬೀಡಿ, ಗೇರುಬೀಜಗಳ ನಾಡು. ಪುತ್ತೂರಿನಲ್ಲಿ ಮಹಾಲಿಂಗೇಶ್ವರನೂ ಕಡಬ ತಾಲ್ಲೂಕಿನಲ್ಲಿ ಕುಕ್ಕೆ ಸುಬ್ರಹ್ಮಣ್ಯನೂ ನೆಲೆಸಿರುವ ಯಾತ್ರಾಸ್ಥಳ. ಮಹಾನಗರಗಳಲ್ಲಿರುವಂಥ ಪ್ರತ್ಯೇಕ ಬೀದಿಯಿಲ್ಲದ ಇಂಥ ಪೇಟೆಗಳಲ್ಲಿ ಈ ವೃತ್ತಿ ಕಣ್ಣಿಗೆ ಬೀಳುವುದು ಲಾಡ್ಜಿನ ಮೇಲೋ ಬಾಡಿಗೆ ಮನೆಯ ಮೇಲೋ ದಾಳಿ ನಡೆದ ಮರುದಿನದ ಪತ್ರಿಕೆಯಲ್ಲಿ ಮಾತ್ರ.

ಪೂಜಾಸ್ಥಳ, ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಂದ 200 ಮೀಟರಿನೊಳಗೆ ವೇಶ್ಯಾವೃತ್ತಿ ನಡೆದರೆ ಅದು 7ನೆಯ ಕಲಮಿನಡಿ ಅಪರಾಧ. ಮುಂಬಯಿಯಲ್ಲಿ ಈ ನಿಯಮಕ್ಕೆ ಒಂದು ಹೊರಗಿರಬಹುದು. ಪುತ್ತೂರಿನ ಪೇಟೆಯಲ್ಲಿ ದೇವಸ್ಥಾನ, ಮಸೀದಿ, ಇಗರ್ಜಿ, ದೈವಸ್ಥಾನ, ಶಾಲೆ, ಕಾಲೇಜು, ನರ್ಸಿಂಗ್ ಹೋಮುಗಳ ಸುತ್ತ ಇನ್ನೂರು ಮೀಟರಿನ ವೃತ್ತಗಳನ್ನೆಳೆದರೆ ಉಳಿಯುವ ಜಾಗವೆಷ್ಟು? ವೃತ್ತಿ ಅಪರಾಧವಲ್ಲವೆಂದು ಹೇಳಿ, ನಿಂತ ನೆಲವೆಲ್ಲವೂ ಅಪರಾಧವೆಂದರೆ ಮೊದಲ ಮಾತಿಗೆ ಅರ್ಥವಿರುವುದಿಲ್ಲ. ಇನ್ನು 20ನೆಯ ಕಲಮು. ಇದರಡಿ ಉಪವಿಭಾಗ ದಂಡಾಧಿಕಾರಿಯು ಒಬ್ಬ ಹೆಣ್ಣನ್ನು ವೇಶ್ಯೆಯೆಂದು ಮನಗಂಡರೆ, ವಿಚಾರಣೆ ನಡೆಸಿ, ಆಕೆ ತನ್ನ ವ್ಯಾಪ್ತಿಯನ್ನು ಬಿಟ್ಟು ಹೋಗಬೇಕೆಂದು ಆಜ್ಞಾಪಿಸಬಹುದು. ಈ ಸೀಮೆಗೆ ಆ ಅಧಿಕಾರ ಇರುವುದು ಪುತ್ತೂರಿನ ಸಹಾಯಕ ಆಯುಕ್ತರ ಕೈಯಲ್ಲಿ; ಜಮೀನಿನ ಮೇಲ್ಮನವಿ ಹಿಡಿದು ಕೃಷಿಕರು ಹೋಗುವ ಅದೇ ಕಚೇರಿ. ಕಾನಪುರದ ಕೆಲವು ಸ್ತ್ರೀಯರು ಈ ಕಲಮನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಅದು ಸಂವಿಧಾನಬದ್ಧವೆಂದೇ ತೀರ್ಪಿತ್ತಿತು. ಊರು ಬಿಡಿಸುವ ಶಿಕ್ಷೆ ಯಾರಿಗೆ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಒತ್ತೆ ಕೊಟ್ಟವನು ಸಂಜೆಗೆ ಮನೆಗೆ ಹಿಂದಿರುಗುತ್ತಾನೆ.

ಅವನ ವಿಷಯದಲ್ಲಿ ಈಚೆಗೆ ಒಂದು ವಿಚಿತ್ರ ಸನ್ನಿವೇಶ ಉಂಟಾಗಿದೆ. ಸುಳ್ಯದಿಂದ ಜಾಲ್ಸೂರಿನ ಮೂಲಕ ಪಶ್ಚಿಮಕ್ಕೆ ಸಾಗಿದರೆ ಸ್ವಲ್ಪ ದೂರದಲ್ಲೇ ಕೇರಳದ ಕಾಸರಗೋಡು ಜಿಲ್ಲೆ. ಗಡಿಯ ಆಚೆಗೂ ಈಚೆಗೂ ತುಳು, ಕನ್ನಡ, ಮಲಯಾಳ ಬೆರೆತ ಅದೇ ಮಾತು, ಅದೇ ಅಡಿಕೆ ತೋಟ, ಅದೇ ಕೇಂದ್ರ ಕಾಯ್ದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2022ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ, ವೇಶ್ಯಾಗೃಹಕ್ಕೆ ಗ್ರಾಹಕನಾಗಿ ಹೋದವನ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ನಡೆಸಲಾಗದೆಂದು ಹೇಳಿ ಅವನ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ಕೇರಳ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಸರಕನ್ನೋ ಸೇವೆಯನ್ನೋ ಕೊಳ್ಳುವವನನ್ನು ಗ್ರಾಹಕನೆನ್ನಬಹುದು, ಆಕೆ ಸರಕಲ್ಲ, ಆದುದರಿಂದ ಹಣ ತೆತ್ತು ಬಂದವನು ಗ್ರಾಹಕನಲ್ಲ, ಅವನ ಹಣವೇ ಆಕೆಯನ್ನು ಈ ವೃತ್ತಿಗೆ ಪ್ರೇರೇಪಿಸುವುದರಿಂದ ಅವನು 5ನೆಯ ಕಲಮಿನಡಿ ವಿಚಾರಣೆಗೆ ಅರ್ಹನು. ಹೀಗಾಗಿ ಸುಳ್ಯದ ಕೋಣೆಯಲ್ಲಿ ಆರೋಪಿಯಲ್ಲದವನು ಅರ್ಧ ಗಂಟೆಯ ಪ್ರಯಾಣದ ಆಚೆ ಆರೋಪಿಯಾಗುತ್ತಾನೆ. ಒಂದು ದೇಶದ ಒಂದೇ ಕಾಯ್ದೆಗೆ ಇಂಥ ಎರಡು ಮುಖಗಳಿರುವುದು ಸಂಸತ್ತಿನ ಮೌನದ ಫಲ.

ಕೇರಳದ ತರ್ಕ ಶರಣರ ಹೃದಯಕ್ಕೆ ಹತ್ತಿರವೆಂದು ಮೇಲ್ನೋಟಕ್ಕೆ ತೋರುತ್ತದೆ. ಮನುಷ್ಯದೇಹವು ಸರಕಲ್ಲವೆಂಬ ಮಾತು ದೇಹವನ್ನೇ ದೇಗುಲವೆಂದು ಕಂಡವರಿಗೆ ಒಪ್ಪಿತವಾಗದೆ ಇರದು. ಸ್ವೀಡನ್ ದೇಶವು 1999ರಿಂದ ಇದೇ ಹಾದಿಯಲ್ಲಿದೆ. ಅಲ್ಲಿ ಕೊಳ್ಳುವವನು ಅಪರಾಧಿ, ಆಕೆ ಅಲ್ಲ. ಆದರೆ ಸ್ವೀಡನ್ನಿನಲ್ಲಿ ಈ ಎರಡನೆಯ ಅರ್ಧವೂ ಇದೆಯೆಂಬುದನ್ನು ಮರೆಯುವಂತಿಲ್ಲ. ಇಲ್ಲಿ 8, 10ಎ ಮತ್ತು 20ನೆಯ ಕಲಮುಗಳನ್ನು ಹಾಗೆಯೇ ಉಳಿಸಿಕೊಂಡು ಗಂಡಸಿನ ಶಿಕ್ಷೆಯನ್ನು ಮಾತ್ರ ಸೇರಿಸಿದರೆ ಪೊಲೀಸರು ತಟ್ಟುವ ಬಾಗಿಲು ಮತ್ತೆ ಆಕೆಯದೇ. ಅವನನ್ನು ಹಿಡಿಯುವ ನೆಪದಲ್ಲಿ ಆಕೆಯ ಕೋಣೆಯನ್ನೇ ಶೋಧಿಸಬೇಕು, ಆಕೆಯನ್ನೇ ಸಾಕ್ಷಿಗೆ ಎಳೆಯಬೇಕು. ಸಮಾನತೆಯ ಹೆಸರಿನಲ್ಲಿ ಇನ್ನೊಂದು ಹಗ್ಗವನ್ನು ಸೇರಿಸುವ ಮೊದಲು ಆಕೆಯ ಕೊರಳಿನ ಹಗ್ಗವನ್ನು ಬಿಚ್ಚುವುದು ಕ್ರಮ.

ಬಿಚ್ಚದಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಕರಾವಳಿಯಲ್ಲೇ ಇದೆ. 2013ರಲ್ಲಿ ಉಡುಪಿಯಿಂದ ಗೋವಾಕ್ಕೆ ಹೆಣ್ಣುಮಕ್ಕಳನ್ನು ಈ ವೃತ್ತಿಗಾಗಿ ಸಾಗಿಸಲಾಗುತ್ತಿದೆಯೆಂದು ಪೊಲೀಸರು ಒಂದು ವಾಹನವನ್ನು ತಡೆದರು. ಅದರಲ್ಲಿದ್ದ ಸಂತ್ರಸ್ತೆಯೊಬ್ಬಳನ್ನೂ 5ನೆಯ ಕಲಮಿನಡಿ, ಎಂದರೆ ಸಾಗಿಸುವವರಿಗಾಗಿ ಇರುವ ಕಲಮಿನಡಿಯಲ್ಲಿಯೇ, ಆರೋಪಿಯನ್ನಾಗಿ ಮಾಡಲಾಯಿತು. ಆ ಕಲಮು ಸಂತ್ರಸ್ತೆಯನ್ನು ಶಿಕ್ಷಿಸಬೇಕೆಂದು ಎಲ್ಲಿಯೂ ಹೇಳುವುದಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿ ಆಕೆಯ ಮೇಲಿನ ಪ್ರಕರಣವನ್ನು ರದ್ದುಪಡಿಸುವಷ್ಟರಲ್ಲಿ 2024ನೆಯ ಇಸವಿ ಬಂದಿತ್ತು. ಹತ್ತು ವರ್ಷಕ್ಕೂ ಮೀರಿದ ಕಾಲ. ನ್ಯಾಯಾಲಯ ನ್ಯಾಯವನ್ನೇ ಕೊಟ್ಟಿತು, ನಿಜ. ಹೆಣ್ಣೊಬ್ಬಳ ಯೌವನದ ಹತ್ತು ವರ್ಷಗಳನ್ನು ತೀರ್ಪಿನ ಪ್ರತಿಯೊಂದಿಗೆ ಹಿಂದಿರುಗಿಸಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿಲ್ಲ.

ಸರ್ವೋಚ್ಚ ನ್ಯಾಯಾಲಯವು ಎಲ್ಲವನ್ನೂ ಸರಿಪಡಿಸಿಬಿಟ್ಟಿದೆಯೆಂಬ ಇನ್ನೊಂದು ನಂಬಿಕೆಯೂ ಪ್ರಚಾರದಲ್ಲಿದೆ. 2022ರ ಮೇ 19ರಂದು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರ ನೇತೃತ್ವದ ಪೀಠವು ನೀಡಿದ ಆದೇಶವೇ ಇದಕ್ಕೆ ಆಧಾರ. ಪೊಲೀಸರು ಇವರನ್ನು ಘನತೆಯಿಂದ ಕಾಣಬೇಕು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದರೆ ಉಳಿದೆಲ್ಲರಿಗೆ ದೊರೆಯುವ ವೈದ್ಯಕೀಯ ನೆರವು ಇವರಿಗೂ ದೊರೆಯಬೇಕು, ದಾಳಿಯ ವೇಳೆ ಮಾಧ್ಯಮಗಳು ಗುರುತನ್ನು ಬಹಿರಂಗಗೊಳಿಸಬಾರದು ಎಂಬ ನಿರ್ದೇಶನಗಳು ಅದರಲ್ಲಿವೆ. ಆದರೆ ಸ್ವಇಚ್ಛೆಯಿಂದ ವೃತ್ತಿಯಲ್ಲಿರುವ ವಯಸ್ಕಳನ್ನು ದಾಳಿಯಲ್ಲಿ ಬಂಧಿಸಬಾರದೆಂಬ ಸಮಿತಿಯ ಶಿಫಾರಸಿಗೆ ಕೇಂದ್ರ ಸರ್ಕಾರ ಆಕ್ಷೇಪವೆತ್ತಿದ್ದರಿಂದ ಜಾರಿಗೆ ಬಂದ ನಿರ್ದೇಶನಗಳಲ್ಲಿ ಅದು ಸೇರಲಿಲ್ಲ. ಪತ್ರಿಕೆಗಳ ಶೀರ್ಷಿಕೆಯಲ್ಲಿ ಬಂದದ್ದು ಹೆಚ್ಚು, ಆದೇಶದಲ್ಲಿ ದಕ್ಕಿದ್ದು ಕಡಿಮೆ. ರಾಜ್ಯದ ನಡೆಯಲ್ಲೂ ಇದೇ ಇಬ್ಬಂದಿತನ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು ‘ಚೇತನ’ ಯೋಜನೆಯಡಿ ಇದೇ ಸ್ತ್ರೀಯರಿಗೆ ಸ್ವಯಂ ಉದ್ಯೋಗಕ್ಕಾಗಿ ನೆರವು ನೀಡುತ್ತದೆ. ಒಂದು ಇಲಾಖೆ ಕೈಹಿಡಿದೆತ್ತುವವಳನ್ನು ಇನ್ನೊಂದು ಇಲಾಖೆ ಕೈಹಿಡಿದು ವ್ಯಾನಿಗೆ ಹತ್ತಿಸುತ್ತದೆ.

ಹಾಗಾದರೆ ಇದನ್ನು ಕಾಯಕವೆಂದು ಒಪ್ಪಿಬಿಡಬೇಕೆ? ನ್ಯೂಜಿಲೆಂಡ್ 2003ರಲ್ಲಿ ಇದನ್ನು ಅಪರಾಧದ ಪರಿಧಿಯಿಂದಲೇ ಹೊರತಂದಿತು. ಬೆಂಗಳೂರಿನಲ್ಲೂ ಈ ಸ್ತ್ರೀಯರ ಸಂಘಟನೆಗಳು ತಮ್ಮದೂ ದುಡಿಮೆಯೇ ಎಂದು ವಾದಿಸುತ್ತ ಬಂದಿವೆ. ಅವರ ವಾದವನ್ನು ಅವಹೇಳನ ಮಾಡುವುದು ಸಲ್ಲದು. ಆದರೂ ವಚನಗಳ ಕಾಯಕಕ್ಕೆ ಒಂದು ಲಕ್ಷಣವಿದೆ. ಅದು ಮಾಡುವವನ ಮನಸ್ಸಿನಿಂದ ಹುಟ್ಟಬೇಕು, ಬೇರೊಬ್ಬನ ದರ್ಪದಿಂದಲ್ಲ. ದಲ್ಲಾಳಿಯ ಕೈಯಲ್ಲೋ ಸಾಲದ ಉರುಳಿನಲ್ಲೋ ಸಿಕ್ಕಿದವಳ ದುಡಿಮೆಗೆ ಕಾಯಕವೆಂಬ ಹೆಸರಿಡುವುದು ಆ ಪದಕ್ಕೂ ಅಪಚಾರ, ಆಕೆಗೂ ಅಪಚಾರ. ವಚನಗಳಲ್ಲಿ ಸೂಳೆಯನ್ನು ಚಂಚಲ ಭಕ್ತಿಗೆ ಉಪಮೆಯಾಗಿ ಹೀಗಳೆದಿರುವ ಸಂದರ್ಭಗಳು ಹಲವು ಇವೆ; ಅದನ್ನು ಮುಚ್ಚಿಡಬೇಕಾಗಿಲ್ಲ. ಅಲ್ಲೆಲ್ಲ ಆಕೆ ಬರಿಯ ಉಪಮೆ, ಮಾತನಾಡುವವರು ಬೇರೆಯವರು. ಸಂಕವ್ವೆಯಲ್ಲಿ ಮಾತ್ರ ಆಕೆಯೇ ಮಾತನಾಡುತ್ತಾಳೆ. ತನ್ನ ವೃತ್ತಿಯನ್ನು ಆಕೆ ಹೊಗಳುವುದೂ ಇಲ್ಲ, ಅದಕ್ಕಾಗಿ ಕ್ಷಮೆ ಕೇಳುವುದೂ ಇಲ್ಲ. ವೃತ್ತಿಯನ್ನು ಕಾಯಕವೆಂದು ಎತ್ತಿಹಿಡಿಯದೆಯೇ ವೃತ್ತಿಯಲ್ಲಿರುವವಳನ್ನು ದಂಡನೆಯಿಂದ ಬಿಡಿಸಬಹುದು. ಈ ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಚರ್ಚೆ ಇಷ್ಟು ವರ್ಷ ಕದಲದೆ ನಿಂತಿದೆ.

ಕದಲುವ ಅವಕಾಶ ಒಮ್ಮೆ ಬಂದಿತ್ತು. 2006ರಲ್ಲಿ ಸಂಸತ್ತಿನ ಮುಂದೆ ಬಂದ ತಿದ್ದುಪಡಿ ಮಸೂದೆಯು 8 ಮತ್ತು 20ನೆಯ ಕಲಮುಗಳನ್ನು ತೆಗೆದುಹಾಕಲು ಹೊರಟಿತ್ತು. ಅದರೊಂದಿಗೇ ವೇಶ್ಯಾಗೃಹಕ್ಕೆ ಬರುವ ಗಂಡಸನ್ನು ಶಿಕ್ಷಿಸುವ ಹೊಸ ಕಲಮನ್ನೂ ಸೇರಿಸಿದ್ದರಿಂದ ವಿವಾದವೆಲ್ಲ ಆ ಒಂದರ ಸುತ್ತಲೇ ಬೆಳೆಯಿತು. 2009ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆ ಬಿದ್ದುಹೋಯಿತು. ಒಳ್ಳೆಯದೂ ಅದರೊಂದಿಗೇ ಹೋಯಿತು. ಎರಡನ್ನೂ ಬೇರ್ಪಡಿಸಿ, ಮೊದಲು 8, 10ಎ, 20ನೆಯ ಕಲಮುಗಳನ್ನು ರದ್ದುಗೊಳಿಸಿ, 7ನೆಯದರಿಂದ ಆಕೆಯನ್ನು ಹೊರಗಿಟ್ಟು, ಸಾಗಿಸುವವರ ಮತ್ತು ನಡೆಸುವವರ ಮೇಲಿನ ಶಿಕ್ಷೆಯನ್ನು ಬಿಗಿಯಾಗಿಯೇ ಉಳಿಸಿಕೊಳ್ಳುವುದು ವಿವೇಕದ ಹಾದಿ. ಬಲವಂತಕ್ಕೊಳಗಾದವಳೆಂದು ತಿಳಿದೂ ಹಣ ತೆತ್ತವನು, ಬಾಲೆಯೆಂದು ಅರಿತೂ ಹೋದವನು ಯಾವ ರಿಯಾಯಿತಿಗೂ ಅರ್ಹನಲ್ಲ. ಉಳಿದ ಗ್ರಾಹಕರ ಪ್ರಶ್ನೆಯನ್ನು ಆ ಬಳಿಕ ಸಂಸತ್ತು ನಿಧಾನವಾಗಿ ಚರ್ಚಿಸಲಿ. ಜಾಲ್ಸೂರಿನ ಆಚೆ ಈಚೆ ಎರಡು ನ್ಯಾಯ ಇರದಂತೆ ನಿರ್ಧರಿಸಲಿ.

ಕಾಯ್ದೆಯ 4ನೆಯ ಕಲಮಿನ ಬಗೆಗೂ ಮಠಗಳಿಗೆ ನಡೆದುಕೊಳ್ಳುವ ಭಕ್ತರು ವಿಶೇಷವಾಗಿ ತಿಳಿಯಬೇಕಾದುದುಂಟು. ಈ ವೃತ್ತಿಯ ಗಳಿಕೆಯಲ್ಲಿ ತಿಳಿದೂ ಬದುಕುವ 18 ವರ್ಷ ಮೀರಿದ ಯಾವ ವ್ಯಕ್ತಿಗಾದರೂ ಅದು ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ದಲ್ಲಾಳಿಗಾಗಿ ಬರೆದ ಕಲಮು ಇದು. ಆದರೆ ಅಕ್ಷರಶಃ ಓದಿದರೆ ಆಕೆಯ ಮುದಿ ತಾಯಿಯೂ ಅದರೊಳಗೆ ಬರುತ್ತಾಳೆ, ಆಕೆ ಓದಿಸುತ್ತಿರುವ ಮಗನೂ ಬರುತ್ತಾನೆ. ಹದಿನೇಳರ ವಯಸ್ಸಿನಲ್ಲಿ ತಾಯಿಯ ಹಣದಿಂದ ಪಿಯುಸಿ ಓದುವವನು ವಿದ್ಯಾರ್ಥಿ. ಮರುವರ್ಷ ಅದೇ ಹಣದಿಂದ ಪದವಿ ತರಗತಿಗೆ ಸೇರಿದರೆ ಕಾಯ್ದೆಯ ಕಣ್ಣಿನಲ್ಲಿ ಆರೋಪಿಯಾಗಬಲ್ಲವನು. ಮಠಗಳ ಉಚಿತ ಪ್ರಸಾದನಿಲಯಗಳು ಇಂಥ ಮಕ್ಕಳಿಗೆ ಇರುವ ಕೆಲವೇ ಆಶ್ರಯಗಳಲ್ಲಿ ಒಂದು. ಅಲ್ಲಿನ ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲು ಖಾಲಿಯಿದ್ದರೂ, ತಾಯಿಯ ವೃತ್ತಿಯ ಸಾಲು ಖಾಲಿಯಿದ್ದರೂ ಅರ್ಜಿಯನ್ನು ಹಿಂದಿರುಗಿಸದೆ ಸ್ವೀಕರಿಸುವಂತೆ ಕಚೇರಿಯವರಿಗೆ ಸೂಚಿಸಲು ಸಂಸತ್ತಿನ ಅಪ್ಪಣೆ ಬೇಕಾಗಿಲ್ಲ. ಬರುವ ಜೂನ್ ತಿಂಗಳ ಪ್ರವೇಶದಿಂದಲೇ ಅದನ್ನು ಆರಂಭಿಸಬಹುದು.