ಎಳೆಯುವ ಬಂಡಿಗೆ ಪೆಟ್ರೋಲೋ ಡೀಸೆಲ್ಲೋ?

2024ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಡೆನ್ವರ್ ನಗರದ ಸಮೀಪವಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆವು. ನಾವು ಹೋಗಿ ಮುಟ್ಟುವ ವೇಳೆಗೆ ಆ ಮನೆಯಲ್ಲಿ ಒಂದು ಚರ್ಚೆ ಆಗಲೇ ಕಾವೇರಿತ್ತು. ಅಳಿಯಂದಿರು ಮಲಗುವ ಮಂಚ, ಅಡುಗೆಯ ಕಟ್ಟೆ, ಸ್ನಾನದ ಕೋಣೆ ಎಲ್ಲವೂ ಇರುವ ಒಂದು ಟ್ರೈಲರನ್ನು ಕೊಂಡುಬಿಟ್ಟಿದ್ದರು. ಅದನ್ನು ಎಳೆಯುವ ವಾಹನವನ್ನು ಮಾತ್ರ ಇನ್ನೂ ಕೊಂಡಿರಲಿಲ್ಲ. “ಗ್ಯಾಸ್ ಟ್ರಕ್ ಸಾಕೇ, ಡೀಸೆಲ್ಲೇ ಬೇಕೇ?” ಎಂಬುದು ಊಟದ ಹೊತ್ತಿನ ನಿತ್ಯದ ಮಾತಾಗಿತ್ತು. ನನ್ನಾಕೆ ಮೊದಲ ದಿನ ಅಡುಗೆಯ ಸಿಲಿಂಡರನ್ನು ನೆನೆದು ಗಾಬರಿಯಾದಳು. ಅಲ್ಲಿನವರು ಪೆಟ್ರೋಲಿಗೆ ಗ್ಯಾಸೊಲಿನ್ ಎಂದೂ ಅದನ್ನೇ ಚುಟುಕಾಗಿಸಿ ಗ್ಯಾಸ್ ಎಂದೂ ಹೇಳುವರೆಂದು ತಿಳಿಸಿದ ಮೇಲೆ ಸಮಾಧಾನವಾಯಿತು. ಟ್ರಕ್ ಎಂದರೂ ನಮ್ಮ ಲಾರಿಯಲ್ಲ. ಮುಂದೆ ಆರು ಜನ ಕೂರಬಹುದಾದ, ಹಿಂದೆ ಸಾಮಾನಿಗೆಂದು ತೆರೆದ ತೊಟ್ಟಿಯಿರುವ ಪಿಕಪ್ ವಾಹನ.

ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಬೋಧಿಸಿದವನು. ವಾಹನ ಕೊಳ್ಳುವ ವಿಷಯದಲ್ಲಿ ನನ್ನ ಅನುಭವ ಒಂದು ಸ್ಕೂಟರಿಗೂ ಒಂದು ಹಳೆಯ ಕಾರಿಗೂ ಸೀಮಿತ. ಆದರೂ ಒಂದು ಸಂಜೆ ಅಳಿಯಂದಿರು, “ಮಾವ, ನೀವೇ ಒಂದು ಲೆಕ್ಕ ಹಾಕಿ ಹೇಳಿ” ಎಂದಾಗ ಕಾಗದ, ಪೆನ್ಸಿಲ್ಲು ಹಿಡಿದು ಕುಳಿತೆ. ಈ ಲೇಖನ ಆ ಲೆಕ್ಕದಿಂದ ಹುಟ್ಟಿದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಹುಪಾಲು ಕುಟುಂಬಗಳು ಇಂಧನದ ಪ್ರಶ್ನೆಯನ್ನು ಮೊದಲು ಕೇಳಿ ತೂಕದ ಪ್ರಶ್ನೆಯನ್ನು ಕೇಳುವುದನ್ನೇ ಮರೆಯುತ್ತವೆ, ತೂಕದ ಪ್ರಶ್ನೆಗೆ ಉತ್ತರ ಸಿಕ್ಕರೆ ಇಂಧನದ ಪ್ರಶ್ನೆ ಅರ್ಧಕ್ಕರ್ಧ ಕರಗಿಹೋಗುತ್ತದೆ.

ಮೊದಲು ಬಲದ ವಿಚಾರ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ತ್ವ ಇಂದಿಗೂ ಅದೇ. ಇಂಥ ಎಂಜಿನ್ನು ನಿಧಾನವಾಗಿ ತಿರುಗುತ್ತಲೇ ಭಾರೀ ತಿರುಚುಬಲ ಕೊಡುತ್ತದೆ. ಅಲ್ಲಿನವರು ಅದನ್ನು ಟಾರ್ಕ್ ಎಂದು ಕರೆದು ಆ ಸಂಖ್ಯೆಯನ್ನು ಮಂತ್ರದಂತೆ ಜಪಿಸುತ್ತಾರೆ. ಒಂದೇ ಕಂಪನಿಯ ಎರಡು ಎಂಜಿನ್ನುಗಳನ್ನು ತೆಗೆದುಕೊಳ್ಳೋಣ. ಫೋರ್ಡ್ ಕಂಪನಿ 2020ರ ಮಾದರಿಯ ತನ್ನ ದೊಡ್ಡ ಪಿಕಪ್‌ಗಳಿಗೆ ಕೊಟ್ಟ 6.7 ಲೀಟರಿನ ಡೀಸೆಲ್ ಎಂಜಿನ್ನಿನ ಟಾರ್ಕ್ 1,050 ಪೌಂಡ್-ಅಡಿ, ನಿಮಿಷಕ್ಕೆ 1,600 ಸುತ್ತುಗಳಲ್ಲಿ. ಅದೇ ವರ್ಷದ 7.3 ಲೀಟರಿನ ಪೆಟ್ರೋಲ್ ಎಂಜಿನ್ನಿನದು 475 ಪೌಂಡ್-ಅಡಿ, 4,000 ಸುತ್ತುಗಳಲ್ಲಿ. ಕೇಳಿದವರು “ಎರಡು ಪಟ್ಟಿಗಿಂತಲೂ ಹೆಚ್ಚು!” ಎಂದು ಬೆರಗಾಗುತ್ತಾರೆ.

ಆದರೆ ಬೆಟ್ಟ ಹತ್ತಿಸುವುದು ಸಾಮರ್ಥ್ಯ, ಅಂದರೆ ತಿರುಚುಬಲವನ್ನು ತಿರುಗುವ ವೇಗದಿಂದ ಗುಣಿಸಿ ಬಂದದ್ದು. ಪೌಂಡ್-ಅಡಿಯನ್ನು ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ಡೀಸೆಲ್ಲಿನದು ಆ ವೇಗದಲ್ಲಿ 320 ಅಶ್ವಶಕ್ತಿ. ಪೆಟ್ರೋಲಿನದು ತನ್ನ ವೇಗದಲ್ಲಿ 362. ಒಂದು ಗೊಣಗುತ್ತಾ ಮಾಡುವ ಕೆಲಸವನ್ನು ಇನ್ನೊಂದು ಕೂಗಾಡುತ್ತಾ ಮಾಡುತ್ತದೆ, ಅಷ್ಟೆ. ಕೂಗು ಕೇಳಿದವರಿಗೆ ಎಂಜಿನ್ನು ಸೋಲುತ್ತಿದೆ ಎನಿಸುತ್ತದೆ. ಗಟ್ಟಿಯಾಗಿ ಓದುವ ಹುಡುಗ ದಡ್ಡನೆಂದು ತಿಳಿಯುವ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ.

ಹಾಗಾದರೆ ಬೇಕಾದದ್ದೆಷ್ಟು? ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ 70ನೆಯ ಅಂತರರಾಜ್ಯ ಹೆದ್ದಾರಿ 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗವನ್ನು ಹಾದುಹೋಗುತ್ತದೆ. ಅದರ ಆಸುಪಾಸಿನಲ್ಲಿ ನೂರಕ್ಕೆ 7ರಷ್ಟು ಏರಿಳಿತದ ದಾರಿಯಿದೆ. ಟ್ರಕ್, ಜನ, ಸಾಮಾನು, ಟ್ರೈಲರ್ ಎಲ್ಲ ಸೇರಿ 14,400 ಪೌಂಡ್ ಎಂದಿಟ್ಟುಕೊಳ್ಳಿ. ನೂರಕ್ಕೆ 7ರ ಏರಿನಲ್ಲಿ ಇದನ್ನು ಹಿಂದಕ್ಕೆ ಜಗ್ಗುವ ಬಲ 1,008 ಪೌಂಡ್. ಗಂಟೆಗೆ 45 ಮೈಲಿ ಎಂದರೆ ಸೆಕೆಂಡಿಗೆ 66 ಅಡಿ. ಗುಣಿಸಿ 550ರಿಂದ ಭಾಗಿಸಿದರೆ 121 ಅಶ್ವಶಕ್ತಿ. ಎದುರು ಗಾಳಿಗೂ ಚಕ್ರಗಳ ಘರ್ಷಣೆಗೂ ಇನ್ನೊಂದು 50 ಸೇರಿಸಿ, 170 ಎನ್ನೋಣ. ಎತ್ತರದ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆ ಪೆಟ್ರೋಲ್ ಎಂಜಿನ್ನಿನ ಗರಿಷ್ಠ 430 ಅಶ್ವಶಕ್ತಿಯಲ್ಲಿ ಸುರಂಗದ ಬಳಿ 300ರ ಆಸುಪಾಸು ಉಳಿಯಿತೆಂದರೂ ಬೇಕಾದುದಕ್ಕಿಂತ ಹೆಚ್ಚೇ ಆಯಿತು. ಬೆಟ್ಟದಲ್ಲಿ ಡೀಸೆಲ್ ಮೇಲು ಎಂಬ ಕೀರ್ತಿಯ ಒಂದು ದೊಡ್ಡ ಪಾಲು ಗಾಳಿಯನ್ನು ಒತ್ತಿ ತುಂಬುವ ಟರ್ಬೊಗೆ ಸಲ್ಲಬೇಕಾದದ್ದು. ಟರ್ಬೊ ಇರುವ ಪೆಟ್ರೋಲ್ ಎಂಜಿನ್ನುಗಳೂ ಇಂದು ಧಾರಾಳವಾಗಿ ಸಿಗುತ್ತವೆ.

ಇನ್ನು ಹಣ. ದೊಡ್ಡ ಪಿಕಪ್‌ಗಳಲ್ಲಿ ಡೀಸೆಲ್ ಎಂಜಿನ್ನಿಗೆ ಸುಮಾರು ಹತ್ತು ಸಾವಿರ ಡಾಲರ್ ಹೆಚ್ಚು ತೆರಬೇಕು. “ಮೈಲೇಜಿನಲ್ಲಿ ವಾಪಸು ಬರುತ್ತದೆ ಮಾವ” ಎಂದು ಅಳಿಯಂದಿರ ನಂಬಿಕೆ. ನಮ್ಮ ದೇಶದಲ್ಲಿ ಡೀಸೆಲ್ ಅಗ್ಗವಾಗಿದ್ದ ಕಾಲದ ನೆನಪು ಅವರ ಮನಸ್ಸಿನಲ್ಲಿ ಕುಳಿತಿರಬೇಕು. ಅಲ್ಲಿ ಸಾಧಾರಣವಾಗಿ ಡೀಸೆಲ್ಲೇ ದುಬಾರಿ. ಕೇಂದ್ರ ಸರ್ಕಾರದ ತೆರಿಗೆಯೇ ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4 ಸೆಂಟ್. ಲೆಕ್ಕಕ್ಕೆಂದು ಪೆಟ್ರೋಲಿಗೆ 3.20 ಡಾಲರ್, ಡೀಸೆಲ್ಲಿಗೆ 3.80 ಎಂದು ಹಿಡಿದೆ. ಅವರು ವರ್ಷಕ್ಕೆ ಓಡಿಸುವುದು 10,000 ಮೈಲಿ. ಅದರಲ್ಲಿ ಟ್ರೈಲರ್ ಕಟ್ಟಿಕೊಂಡು 2,000. ಪೆಟ್ರೋಲ್ ಬಂಡಿ ಗ್ಯಾಲನ್ನಿಗೆ ಖಾಲಿಯಾಗಿ 14, ಎಳೆಯುವಾಗ 9 ಮೈಲಿ. ಡೀಸೆಲ್ಲಿನದು 17 ಮತ್ತು 12 ಎಂದಿಟ್ಟುಕೊಂಡೆ. ಪೆಟ್ರೋಲಿನ ಖರ್ಚು 2,538 ಡಾಲರ್, ಡೀಸೆಲ್ಲಿನದು 2,424. ವರ್ಷಕ್ಕೆ ಉಳಿತಾಯ 114 ಡಾಲರ್! ಹತ್ತು ಸಾವಿರ ವಾಪಸು ಬರುವ ವೇಳೆಗೆ ನನ್ನ ಮೊಮ್ಮಗನೇ ತಾತನಾಗಿರುತ್ತಾನೆ. ಮಾರುವಾಗ ಡೀಸೆಲ್ಲಿಗೆ ಬೆಲೆ ಹೆಚ್ಚು ಎಂಬುದು ನಿಜ. ಆದರೆ ಎಣ್ಣೆ ಬದಲಾಯಿಸುವ ಖರ್ಚು, ಇಂಧನದ ಸೋಸುಕಗಳ ಖರ್ಚು ಆ 114 ಡಾಲರನ್ನು ಮೊದಲ ವರ್ಷವೇ ನುಂಗಿಬಿಡುತ್ತವೆ.

ಹೊಗೆಯ ಶುದ್ಧೀಕರಣದ ಸಂಗತಿ ಬೇರೆ. ಇಂದಿನ ಡೀಸೆಲ್ ಬಂಡಿಗೆ ನೂರಕ್ಕೆ 32.5ರಷ್ಟು ಯೂರಿಯ ಬೆರೆಸಿದ ನೀರನ್ನು ಪ್ರತ್ಯೇಕವಾಗಿ ತುಂಬಿಸುತ್ತಿರಬೇಕು. ಹೊಗೆಕೊಳವೆಯೊಳಗೆ ಮಸಿಯನ್ನು ಹಿಡಿದಿಡುವ ಒಂದು ಸೋಸುಕವಿರುತ್ತದೆ. ಎಂಜಿನ್ನು ಚೆನ್ನಾಗಿ ಕಾದು ದೂರ ಓಡಿದರೆ ಮಾತ್ರ ಆ ಮಸಿ ಸುಟ್ಟು ಶುಚಿಯಾಗುತ್ತದೆ. ನಮ್ಮ ಅಳಿಯಂದಿರು ಮನೆಯಿಂದಲೇ ಕೆಲಸ ಮಾಡುವವರು. ಟ್ರೈಲರ್ ಇಲ್ಲದ ದಿನಗಳಲ್ಲಿ ಬಂಡಿಯ ಮುಖ್ಯ ಪ್ರಯಾಣ ಮೂರು ಮೈಲಿ ದೂರದ ಶಾಲೆಗೆ. ಕಾಯುವ ಮೊದಲೇ ಆರುವ ಎಂಜಿನ್ನಿಗೆ ಮಸಿ ಕಟ್ಟದೆ ಇನ್ನೇನಾದೀತು?

ನಾನು ಡೀಸೆಲ್ಲಿನ ವಿರೋಧಿಯಲ್ಲ. ಅಳಿಯಂದಿರ ಸಹೋದ್ಯೋಗಿಯೊಬ್ಬರು ಕುದುರೆ ಸಾಕಿದವರು. ನಾಲ್ಕು ಕುದುರೆಗಳ ಟ್ರೈಲರನ್ನು ವರ್ಷವಿಡೀ ಊರಿಂದೂರಿಗೆ ಎಳೆಯುತ್ತಾರೆ. ಅವರಿಗೆ ಡೀಸೆಲ್ಲೇ ಸರಿ, ಎರಡನೆಯ ಮಾತಿಲ್ಲ.

ಈಗ ತೂಕದ ವಿಷಯಕ್ಕೆ ಬರುತ್ತೇನೆ. ಅಳಿಯಂದಿರು ಮೊದಲು ಮೆಚ್ಚಿದ್ದು ಟರ್ಬೊ ಇರುವ, ಅಲ್ಲಿ ‘ಅರ್ಧ ಟನ್’ ಎಂದು ಕರೆಯುವ ಸಣ್ಣ ವರ್ಗದ ಪೆಟ್ರೋಲ್ ಪಿಕಪ್ಪನ್ನು. ಮಾರುವವನು ಹೆಮ್ಮೆಯಿಂದ, “ಇದು 11,000 ಪೌಂಡ್ ಎಳೆಯುತ್ತದೆ, ನಿಮ್ಮ ಟ್ರೈಲರ್ ಬರೀ 6,500” ಎಂದ. ಎಳೆಯುವ ಸಾಮರ್ಥ್ಯದಲ್ಲಿ ಆತ ಹೇಳಿದ್ದು ಸುಳ್ಳಲ್ಲ. ಆದರೆ ಚಾಲಕನ ಬಾಗಿಲನ್ನು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ: ಕುಳಿತವರೂ ಸಾಮಾನೂ ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಆ ಬಂಡಿಯ ಚೀಟಿಯಲ್ಲಿ ಇದ್ದದ್ದು 1,520.

ಟ್ರೈಲರಿನ ಮೂತಿ ಟ್ರಕ್ಕಿನ ಹಿಂಭಾಗದ ಮೇಲೆ ಕೂರುತ್ತದಷ್ಟೆ. ಓಲಾಡದೆ ನೆಟ್ಟಗೆ ಬರಬೇಕಾದರೆ ತನ್ನ ಭಾರದ ನೂರಕ್ಕೆ 10ರಿಂದ 15ರಷ್ಟನ್ನು ಅದು ಅಲ್ಲಿ ಹೇರಲೇಬೇಕು. ನಮ್ಮ ಎತ್ತಿನಗಾಡಿಯಲ್ಲಿ ನೊಗದ ಮೇಲೆ ಸ್ವಲ್ಪ ಭಾರ ಬರುವಂತೆ ಹೇರು ಹಾಕುತ್ತಾರಲ್ಲ, ಅದೇ ಯುಕ್ತಿ. ನೂರಕ್ಕೆ 13 ಎಂದರೆ 845 ಪೌಂಡ್. ಕೊಂಡಿಯ ಸಲಕರಣೆ 100. ಅಳಿಯಂದಿರು 175, ಮಗಳು 140, ಮೊಮ್ಮಕ್ಕಳು 70 ಮತ್ತು 50. ನಾನೂ ನನ್ನಾಕೆಯೂ ಸೇರಿ 275. (ಈ ಸಂಖ್ಯೆಯನ್ನು ಪ್ರಕಟಿಸಲು ಆಕೆಯ ಅನುಮತಿ ಪಡೆದಿದ್ದೇನೆ, ಒಡೆದು ಹೇಳಕೂಡದೆಂಬ ಷರತ್ತಿನ ಮೇಲೆ.) ಹಿಂದಿನ ತೊಟ್ಟಿಯಲ್ಲಿ ಜನರೇಟರ್, ನೀರು, ಅಕ್ಕಿ ಇತ್ಯಾದಿ 200. ಒಟ್ಟು 1,855 ಪೌಂಡ್. 335 ಹೆಚ್ಚು! ಮುದುಕರಿಬ್ಬರನ್ನು ಮನೆಯಲ್ಲಿ ಬಿಟ್ಟುಹೋದರೂ 60 ಪೌಂಡ್ ಹೆಚ್ಚೇ. ಆದುದರಿಂದ ಅಪರಾಧ ನಮ್ಮದಲ್ಲವೆಂದು ಸಾಬೀತಾಯಿತು. ಮಾರುವವನು ಈ ಚೀಟಿಯ ಮಾತನ್ನೇ ಎತ್ತಿರಲಿಲ್ಲ. ಅಳಿಯಂದಿರ ಮುಖ ಸಣ್ಣದಾದುದನ್ನು ನೋಡಿ ನನಗೂ ಬೇಸರವಾಯಿತು. ಮುಂಗಡ ಕೊಡಲು ಅವರು ಬಹುತೇಕ ಸಿದ್ಧರಾಗಿದ್ದರು.

ಮುಂದಿನ ವರ್ಗವಾದ ‘ಮುಕ್ಕಾಲು ಟನ್’ ಬಂಡಿಗಳನ್ನು ಆಮೇಲೆ ನೋಡಿದೆವು. ಪೆಟ್ರೋಲಿನದರ ಚೀಟಿಯಲ್ಲಿ 3,100. ಅದೇ ಮಾದರಿಯ ಡೀಸೆಲ್ಲಿನದರಲ್ಲಿ 2,350. ಡೀಸೆಲ್ ಎಂಜಿನ್ನೇ ನೂರಾರು ಪೌಂಡ್ ಹೆಚ್ಚು ಭಾರ. ಬಂಡಿಯ ಒಟ್ಟು ತೂಕದ ಮಿತಿ ಅದೇ ಇರುವಾಗ ಆ ಭಾರ ಹೊರುವ ಪಾಲಿನಿಂದ ಕಳೆದುಹೋಗುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಹೊರುವ ಬಂಡಿ ತರುವುದು ನನಗೆ ವಿಚಿತ್ರವೆನಿಸಿತು.

ಕೊನೆಯದಾಗಿ ಇಳಿಯುವ ಮಾತು. ಏರಲಾರದ ಬಂಡಿ ದಾರಿಬದಿಯಲ್ಲಿ ನಿಂತೀತು, ಇಳಿಯುವಾಗ ನಿಲ್ಲದ ಬಂಡಿಯ ಗತಿ ಹಾಗಲ್ಲ. 2019ರ ಏಪ್ರಿಲಿನಲ್ಲಿ ಇದೇ ಹೆದ್ದಾರಿಯಲ್ಲಿ, ಡೆನ್ವರಿನ ಪಕ್ಕದ ಲೇಕ್‌ವುಡ್‌ನಲ್ಲಿ, ಬೆಟ್ಟದಿಂದ ಇಳಿದು ಬಂದ ಬ್ರೇಕಿಲ್ಲದ ಲಾರಿಯೊಂದು ನಿಂತ ವಾಹನಗಳಿಗೆ ನುಗ್ಗಿ ನಾಲ್ವರು ಸತ್ತರು. ನಮ್ಮ ಲೆಕ್ಕದ ಬಂಡಿಯೇ ಆ 7ರ ಇಳಿಜಾರನ್ನು ಅದೇ 45 ಮೈಲಿ ವೇಗದಲ್ಲಿ ಇಳಿದರೆ, ಗಾಳಿ ಮತ್ತು ಘರ್ಷಣೆ ತಿಂದುಳಿದ ಸುಮಾರು 70 ಅಶ್ವಶಕ್ತಿಯನ್ನು ಯಾರಾದರೂ ನುಂಗಬೇಕು. ಅದು 50 ಕಿಲೋವ್ಯಾಟಿಗೂ ಮೇಲು. ಇಪ್ಪತ್ತೈದು ಗೀಸರುಗಳನ್ನು ಒಟ್ಟಿಗೆ ಹಚ್ಚಿದಷ್ಟು ಶಾಖ. ಬ್ರೇಕುಗಳೊಂದೇ ಇದನ್ನು ಹತ್ತು ನಿಮಿಷ ತಡೆದರೆ ಕೆಂಪಾಗಿ ಸೋಲುತ್ತವೆ. ಎಂಜಿನ್ನೂ ಹಿಡಿದೆಳೆಯಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಗಾಳಿಯ ಕವಾಟ ಮುಚ್ಚುತ್ತದೆ. ಪಿಸ್ಟನ್ನುಗಳು ನಿರ್ವಾತದ ವಿರುದ್ಧ ಏದುತ್ತಾ ಬಂಡಿಯನ್ನು ತಡೆಯುತ್ತವೆ. ಡೀಸೆಲ್ಲಿನ ವೇಗವನ್ನು ನಿಯಂತ್ರಿಸುವುದು ಇಂಧನದ ಅಳತೆ, ಗಾಳಿಯ ಕವಾಟವಲ್ಲ. ಆದ್ದರಿಂದ ಬರಿಯ ಡೀಸೆಲ್ ಎಂಜಿನ್ನಿನ ತಡೆ ಕಡಿಮೆ. ಆ ಕೊರತೆ ನೀಗಲು ಟರ್ಬೊದ ರೆಕ್ಕೆಗಳನ್ನು ಮುಚ್ಚಿ ಹೊಗೆಯನ್ನೇ ಅಡ್ಡಗಟ್ಟುವ ಬ್ರೇಕನ್ನು ಇಟ್ಟಿದ್ದಾರೆ. ಅದು ಪೆಟ್ರೋಲಿನದಕ್ಕಿಂತ ಬಲಶಾಲಿ ಎಂಬುದನ್ನು ಒಪ್ಪಲೇಬೇಕು. ಭಾರ ಇನ್ನೂ ಹೆಚ್ಚಿದ್ದರೆ ಈ ಒಂದೇ ಕಾರಣಕ್ಕೆ ನಾನು ಡೀಸೆಲ್ ಎನ್ನುತ್ತಿದ್ದೆ. ನಮ್ಮ ಭಾರಕ್ಕೆ ಪೆಟ್ರೋಲಿನ ತಡೆಯೂ ಟ್ರೈಲರಿನ ಸ್ವಂತ ವಿದ್ಯುತ್ ಬ್ರೇಕೂ ಸಾಕು. ಚಾಲಕ ಮೊದಲೇ ಗೇರು ಇಳಿಸಿರಬೇಕು, ಅಷ್ಟೇ. ನಾನು ಮಲೆನಾಡಿನಲ್ಲಿ ಕೆಲಸಕ್ಕಿದ್ದಾಗ ಚಾರ್ಮಾಡಿ ಘಾಟಿಯ ಬಸ್ಸಿನ ಹಿರಿಯ ಚಾಲಕರೊಬ್ಬರು, “ಹತ್ತಿದ ಗೇರಿನಲ್ಲೇ ಇಳೀಬೇಕು ಮೇಷ್ಟ್ರೇ” ಎನ್ನುತ್ತಿದ್ದರು. ಅಳಿಯಂದಿರಿಗೆ ಅದನ್ನು ಹೇಳಿದೆ.

ಕಡೆಗೆ ಅವರು ಮೂರು ವರ್ಷ ಹಳೆಯದಾದ ಮುಕ್ಕಾಲು ಟನ್ನಿನ ಪೆಟ್ರೋಲ್ ಬಂಡಿಯನ್ನು ತಂದರು. ಆಗಸ್ಟಿನಲ್ಲಿ ಹೊರಟೆವು. ಲಾರಿಗಳ ತಂಗುದಾಣದ ವೇ ಬ್ರಿಡ್ಜಿನ ಮೇಲೆ ಎಲ್ಲವನ್ನೂ ನಿಲ್ಲಿಸಿ ತೂಗಿಸಿದೆವು. ನನ್ನ 14,400ರ ಅಂದಾಜಿಗೂ ಅಲ್ಲಿ ಬಂದ ಚೀಟಿಗೂ 180 ಪೌಂಡ್ ವ್ಯತ್ಯಾಸ. ಸುರಂಗ ದಾಟಿದೊಡನೆ ಇಳಿಜಾರು ಶುರುವಾಯಿತು. ಬ್ರೇಕ್ ತಪ್ಪಿದ ಲಾರಿಗಳಿಗೆಂದು ಜಲ್ಲಿ ತುಂಬಿ ಮಾಡಿದ ಏರುದಾರಿಗಳು ಬಲಗಡೆ ಕಂಡವು. ಎಂಜಿನ್ನು ನಾಲ್ಕು ಸಾವಿರ ಸುತ್ತುಗಳಲ್ಲಿ ಅರಚತೊಡಗಿತು. ಮೊಮ್ಮಗಳು ಕಿವಿ ಮುಚ್ಚಿಕೊಂಡಳು, ನನ್ನಾಕೆ “ಏನೋ ಕೆಟ್ಟಿತೇನ್ರೀ?” ಎಂದಳು. ಅಳಿಯಂದಿರ ಕಾಲು ಆಗೊಮ್ಮೆ ಈಗೊಮ್ಮೆ ಬ್ರೇಕನ್ನು ಮುಟ್ಟಿ ಹಿಂದೆ ಸರಿಯುತ್ತಿತ್ತು. ಕೆಳಗೆ ಸಿಲ್ವರ್‌ಥಾರ್ನ್ ಊರಿನಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಇಬ್ಬರೂ ಇಳಿದು ಮುಂದಿನ ಚಕ್ರದ ಬಳಿ ಕೈ ಹಿಡಿದು ನೋಡಿದೆವು. ಬೆಚ್ಚಗಿತ್ತು, ಕೈ ಹಿಂದೆಳೆಯುವಷ್ಟು ಬಿಸಿಯಿರಲಿಲ್ಲ.