ಫಲಪುಷ್ಪ ಪ್ರದರ್ಶನದ ಟಿಕೆಟ್ಟಿನಲ್ಲಿ ಒಂದು ರೂಪಾಯಿ

ದೆಹಲಿಯ ಲಕ್ಷ್ಮೀ ನಗರದಲ್ಲಿ ಮೆಟ್ರೊ ಇಳಿದರೆ ಗೋಡೆ, ಕಂಬ, ಆಟೊದ ಬೆನ್ನು ಎಲ್ಲದರ ಮೇಲೂ ಸ್ಕಾಲರ್‌ಶಿಪ್ಪಿನ ಜಾಹೀರಾತು. ಇದು ಸಿ.ಎ. ಕೋಚಿಂಗಿನ ಪೇಟೆ. ನಾನೂ ಇಲ್ಲಿ ಅಕೌಂಟ್ಸ್ ಪಾಠ ಹೇಳುವವಳೇ. ಲೆಕ್ಕ ಕಲಿಯುವ ಮಕ್ಕಳಿಗೆ ನೆರವು ಸಿಗುವುದು ನನಗೆ ಸಂತೋಷದ ವಿಷಯ. ಆದರೆ ನಮ್ಮ ಚಳ್ಳಕೆರೆ ಸೀಮೆಯ ಹುಡುಗಿಯೊಬ್ಬಳು ಸಸ್ಯಶಾಸ್ತ್ರ ಓದಿ, ಕಾವಲಿನಲ್ಲಿ ಯಾವ ಯಾವ ಹುಲ್ಲು ಬೆಳೆಯುತ್ತದೆಂದು ಬರೆದಿಡುತ್ತೇನೆ ಅಂದರೆ ಅವಳ ಬಸ್ ಚಾರ್ಜು ಕೊಡುವವರು ಯಾರು?

ಅಮೆರಿಕದಲ್ಲಿ 1913ರಲ್ಲಿ ಹುಟ್ಟಿದ ಗಾರ್ಡನ್ ಕ್ಲಬ್ ಆಫ್ ಅಮೆರಿಕ ಇಂಥವರಿಗೆಂದೇ ವಿದ್ಯಾರ್ಥಿವೇತನ ಇಟ್ಟಿದೆ. ಮರುಭೂಮಿಯ ಗಿಡ, ಒಣ ನೆಲದ ತೋಟವಿನ್ಯಾಸ ಅಭ್ಯಾಸ ಮಾಡುವವರಿಗೆ ಅದು ಮೀಸಲು. ಹೂ ಬೆಳೆಸುವ ಹವ್ಯಾಸಿಗಳ ಸಂಘವೊಂದು ಕಳ್ಳಿಗಿಡದ ವಿದ್ಯಾರ್ಥಿಯನ್ನೂ ತನ್ನವನೆಂದುಕೊಂಡಿತಲ್ಲ, ಅದು ನನಗೆ ಬಹಳ ಹಿಡಿಸಿತು.

ನಮ್ಮಲ್ಲೂ ಮೈಸೂರು ಉದ್ಯಾನ ಕಲಾ ಸಂಘವಿದೆ, 1912ರದು, ಅಂದರೆ ಅಮೆರಿಕದ ಕ್ಲಬ್ಬಿಗಿಂತ ಒಂದು ವರ್ಷ ಹಿರಿಯದು. ತೋಟಗಾರಿಕೆ ಇಲಾಖೆಯ ಜೊತೆಗೂಡಿ ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನ ನಡೆಸುವುದು ಈ ಸಂಘವೇ. ಗಿಡ ಕಲಿಯುವವರಿಗೆ ಕೊಟ್ಟ ಆಸರೆ ನಾಡಿಗೆ ಏನು ತಂದುಕೊಡುತ್ತದೆ ಎಂದು ನಾವು ಹೊರಗೆ ಹುಡುಕಬೇಕಿಲ್ಲ. ಹಾರ್ವರ್ಡಿನಲ್ಲಿ ಪಿಎಚ್.ಡಿ. ಮಾಡಿ ಬಂದ ಎಂ.ಎಚ್. ಮರೀಗೌಡರು ರಾಜ್ಯದ ತೋಟಗಾರಿಕೆಯನ್ನು ಹೇಗೆ ಬೆಳೆಸಿದರೆಂದು ಬಲ್ಲವರು ಬಲ್ಲರು.

ಬಯಲುಸೀಮೆಗೆ ಅಂಥ ಆಸರೆ ತುರ್ತಾಗಿ ಬೇಕು. ಹಸಿರು ಕಣ್ಣಿಗೆ ಬೀಳದಿದ್ದರೆ ಕಡತದಲ್ಲಿ 'ಬಂಜರು' ಎಂದು ಬರೆದುಬಿಡುತ್ತಾರೆ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಪಾವಗಡದಲ್ಲಿ ಸುಮಾರು 13,000 ಎಕರೆ ಸೋಲಾರ್ ಪಾರ್ಕ್ ಆಯಿತು. ವಿಜ್ಞಾನವೂ ಬೇಕು, ವಿದ್ಯುತ್ತೂ ಬೇಕು, ಒಪ್ಪುತ್ತೇನೆ. ಆದರೆ ಕುರಿ-ದನ ಮೇಯುತ್ತಿದ್ದ ಆ ನೆಲದ ಹುಲ್ಲು, ತಂಗಡಿ, ಬಂದ್ರೆ, ಮಂಗರವಳ್ಳಿಗಳ ಪರವಾಗಿ ಲೆಕ್ಕ ಮುಂದಿಟ್ಟು ಮಾತಾಡಬಲ್ಲ ತರುಣರನ್ನು ನಾವು ತಯಾರು ಮಾಡಲಿಲ್ಲ. ಕುರಿಗಾಹಿಗಳಿಗೆ ಎಲ್ಲ ಗೊತ್ತಿತ್ತು, ಅವರ ಮಾತು ಕಡತಕ್ಕೆ ಏರಲಿಲ್ಲ.

ಓದಿದವರು ನೆಲಕ್ಕಿಳಿದರೆ ಏನಾಗುತ್ತದೆಂದು ನೋಡಬೇಕಾದರೆ ಜೋಧಪುರಕ್ಕೆ ಹೋಗಬೇಕು. ಮೆಹ್ರಾನ್‌ಗಡ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರಿನ ರಾವ್ ಜೋಧಾ ಉದ್ಯಾನವಿದೆ. 2006ರಲ್ಲಿ ಪರಿಸರತಜ್ಞ ಪ್ರದೀಪ್ ಕ್ರಿಶೆನ್ ಅಲ್ಲಿ ಕೆಲಸ ಶುರು ಮಾಡಿದಾಗ ಬಂಡೆ ತುಂಬ ನಮ್ಮ ಬಳ್ಳಾರಿ ಜಾಲಿಯೇ. ಕಡಿದಷ್ಟೂ ಚಿಗುರುವ ಜಾತಿ ಅದು. ಕೊನೆಗೆ ಕಲ್ಲುಗಣಿಯ ಕೆಲಸಗಾರರು ಉಳಿ-ಸುತ್ತಿಗೆ ಹಿಡಿದು ಕೂತರು; ಬಂಡೆಗೆ ಕಿವಿಗೊಟ್ಟು, ಸದ್ದಿನಲ್ಲೇ ಬಿರುಕು ಗುರುತಿಸಿ, ಬೇರಿನ ಗಂಟಿನವರೆಗೆ ಗುಂಡಿ ಕೊರೆದರು. ಅದೇ ಗುಂಡಿಗಳಲ್ಲಿ ಮರುಭೂಮಿಯ ಸ್ವಂತ ಗಿಡಗಳನ್ನು ನೆಟ್ಟರು. ಮೊಳಕಾಲ್ಮೂರಿನ, ಕೊಪ್ಪಳದ ಗುಡ್ಡಗಳಲ್ಲಿ ಇಂಥ ಕೆಲಸಕ್ಕೆ ಜಾಗ ಬೇಕಾದಷ್ಟಿದೆ, ಕಲಿತ ಕೈಗಳಿಲ್ಲ.

ಅಂಥ ಕೈಗಳನ್ನು ತಯಾರು ಮಾಡುವ ವಿದ್ಯಾರ್ಥಿವೇತನಕ್ಕೆ ದೊಡ್ಡ ಹಣವೇನೂ ಬೇಡ. ಲಾಲ್‌ಬಾಗಿನ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಟಿಕೆಟ್ಟಿಗೆ ಒಂದು ರೂಪಾಯಿ ಎತ್ತಿಟ್ಟರೂ ನಾಲ್ಕೈದು ಮಕ್ಕಳ ಒಂದು ಹಂಗಾಮಿನ ಖರ್ಚು ಹುಟ್ಟುತ್ತದೆ: ಹಳ್ಳಿಯಲ್ಲೊಂದು ಬಾಡಿಗೆ ಕೋಣೆ, ಓಡಾಟ, ಒಂದು ಮಸೂರ, ಗಿಡ ಒಣಗಿಸುವ ಹಲಗೆ ಮತ್ತು ರಟ್ಟು, ದಾರಿ ತೋರಿಸುವ ಕುರಿಗಾಹಿಗೆ ದಿನಗೂಲಿ. ದೆಹಲಿಯ ಕನ್ನಡ ಸಂಘಟನೆಗಳೂ ಕೈಜೋಡಿಸಲಿ. ನನ್ನ ಪಾಲು ನಾನು ಕೊಡುತ್ತೇನೆ. ಅರ್ಜಿ ಕನ್ನಡದಲ್ಲೇ ಇರಲಿ, ತಾಲ್ಲೂಕು ಕಾಲೇಜಿನವರಿಗೆ ಮೊದಲ ಆದ್ಯತೆ ಸಿಗಲಿ. ಹಣ ಮಾತ್ರ ತಡವಾಗಬಾರದು. ಒಣ ನೆಲದ ಎಷ್ಟೋ ಗಿಡಗಳು ಮಳೆ ಬಿದ್ದ ಮೇಲೆ ಕೆಲವೇ ವಾರ ಕಾಣಿಸಿಕೊಂಡು ಬೀಜ ಉದುರಿಸಿ ಮುಗಿಯುತ್ತವೆ. ಚಳ್ಳಕೆರೆಗೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಸ್ಟಿನ ಪ್ರದರ್ಶನ ಮುಗಿದ ವಾರವೇ ಚೆಕ್ಕು ಕೈಗೆ ಬಂದರೆ ಆ ಹುಡುಗಿ ಮಳೆಗೆ ಮೊದಲೇ ಕಾವಲಿನಲ್ಲಿರುತ್ತಾಳೆ.